ಅಡಿಗೆ ಮಾಡಿದವರೂ ಕುಳಿತು ಉಣ್ಣುವ ಹಬ್ಬ

ಆಗಮನ ಕಾಲದ ನಾಲ್ಕನೆಯ ಮೇಣದ ಬತ್ತಿ ಉರಿಯತೊಡಗುವ ಹೊತ್ತಿಗೆ ನಮ್ಮ ಕರಾವಳಿಯ ಕಥೋಲಿಕ ಮನೆಗಳಲ್ಲಿ ಎರಡು ಬಗೆಯ ಸಿದ್ಧತೆಗಳು ಏಕಕಾಲದಲ್ಲಿ ನಡೆಯುತ್ತಿರುತ್ತವೆ. ಜಗಲಿಯಲ್ಲಿ ಮಕ್ಕಳು ಬೈಹುಲ್ಲು, ಪಾಚಿ, ಬಣ್ಣದ ಕಾಗದಗಳನ್ನು ಗುಡ್ಡೆ ಹಾಕಿಕೊಂಡು ಗೋದಲಿ ಕಟ್ಟುತ್ತಾರೆ. ನಕ್ಷತ್ರಕ್ಕೆ ದೀಪ ಜೋಡಿಸುತ್ತಾರೆ. ಒಳಗೆ ಅಡಿಗೆ ಮನೆಯಲ್ಲಿ ನೆವ್ರಿ, ಕಿಡಿಯೊ, ಗುಳಿಯೊ, ತುಕ್ಡಿಗಳಿಂದ ಕುಸ್ವಾರಿನ ಡಬ್ಬಿಗಳು ಒಂದೊಂದಾಗಿ ತುಂಬುತ್ತಿರುತ್ತವೆ. ಜಗಲಿಯ ಸಿದ್ಧತೆಯಲ್ಲಿ ನಗುವಿದೆ. ಅಡಿಗೆ ಮನೆಯ ಸಿದ್ಧತೆಯಲ್ಲಿ ಮಾತ್ರ ಇತ್ತೀಚಿನ ವರ್ಷಗಳಲ್ಲಿ ನಗುವಿಗಿಂತ ನಿಟ್ಟುಸಿರೇ ಹೆಚ್ಚಾಗಿದೆಯೆಂದು ನಮಗೆ ತೋರುತ್ತದೆ. ಆ ನಿಟ್ಟುಸಿರಿನ ಕುರಿತು ಈ ವಾರ ನಾಲ್ಕು ಮಾತು ಬರೆಯುವುದು ನಮ್ಮ ಉದ್ದೇಶ.

ಡಿಸೆಂಬರ್ 25ರ ಮಧ್ಯಾಹ್ನದ ಚಿತ್ರವನ್ನು ಒಮ್ಮೆ ನೆನಪಿಸಿಕೊಳ್ಳೋಣ. ಹಿಂದಿನ ರಾತ್ರಿಯ ಬಲಿಪೂಜೆ ಮುಗಿಸಿ ಬಂದು ಎರಡು ಗಂಟೆ ಮಲಗಿದ ಗೃಹಿಣಿ ನಸುಕಿಗೇ ಎದ್ದಿದ್ದಾಳೆ. ಸಾನ್ನಾಂಗಳು ಹಬೆಯಲ್ಲಿ ಬೇಯುತ್ತಿವೆ. ಒಂದು ಒಲೆಯ ಮೇಲೆ ಹಂದಿ ಬಫಾತ್, ಇನ್ನೊಂದರ ಮೇಲೆ ಕೋಳಿ, ಮತ್ತೊಂದು ಕಡೆ ಪುಲಾವ್. ಹನ್ನೆರಡು ಗಂಟೆಗೆ ಅತಿಥಿಗಳು ಬರತೊಡಗುತ್ತಾರೆ. ಎಲ್ಲರೂ ಉಣ್ಣುತ್ತಾರೆ, ಹೊಗಳುತ್ತಾರೆ, ಇನ್ನಷ್ಟು ಬಡಿಸಿಕೊಳ್ಳುತ್ತಾರೆ. ಮೂರೂವರೆ ಗಂಟೆಗೆ ಜಗಲಿಯಲ್ಲಿ ಹಾಡು, ಹರಟೆ ಏರಿದಾಗ ಅಡಿಗೆ ಮನೆಯ ಮಣೆಯ ಮೇಲೆ ಒಬ್ಬಳೇ ಕುಳಿತು, ಆರಿದ ಸಾನ್ನಾಂಗೆ ಪಾತ್ರೆಯ ತಳದ ಸಾರು ಸವರಿಕೊಂಡು ಆಕೆ ಉಣ್ಣುತ್ತಾಳೆ. ಎಷ್ಟೋ ಸಲ ಅದೂ ಇಲ್ಲ; "ನನಗೆ ಹಸಿವೇ ಹೋಯಿತು" ಎಂದು ಒಂದು ಲೋಟ ಚಹಾ ಕುಡಿದು ಪಾತ್ರೆ ತೊಳೆಯಲು ಏಳುತ್ತಾಳೆ.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಓದುಗರಲ್ಲಿ ಅನೇಕರು ತಮ್ಮ ತಾಯಿಯನ್ನೋ ಪತ್ನಿಯನ್ನೋ ತಮ್ಮನ್ನೇ ಆಗಲಿ ಈ ಚಿತ್ರದಲ್ಲಿ ಗುರುತಿಸಿಯಾರು. ದೇವರು ಮನುಷ್ಯನಾಗಿ ನಮ್ಮ ನಡುವೆ ವಾಸಿಸಿದನೆಂದು ಸಂಭ್ರಮಿಸುವ ದಿನದಲ್ಲಿ, ಮನೆಯ ಒಬ್ಬರು ಮನೆಯವರ ನಡುವೆ ಕುಳಿತುಕೊಳ್ಳಲಾರದೆ ಹೋಗುವುದು ಸಣ್ಣ ಸಂಗತಿಯೇ?

ಹಿಂದೆಯೂ ದೊಡ್ಡ ಊಟಗಳಿರಲಿಲ್ಲವೇ ಎಂದು ಕೆಲವರು ಕೇಳಬಹುದು. ಇದ್ದವು, ನಿಜ. ಆದರೆ ಆಗ ಮನೆಯಲ್ಲಿ ಕೈಗಳೂ ಇದ್ದವು. ಅಜ್ಜಿ, ಅತ್ತೆ, ನಾದಿನಿ, ಮದುವೆಯಾಗದ ಚಿಕ್ಕಮ್ಮ, ಬೆಳೆದ ಹೆಣ್ಣುಮಕ್ಕಳು ಎಲ್ಲರೂ ಸೇರಿ ಅರೆದು, ಹುರಿದು, ಬೇಯಿಸುತ್ತಿದ್ದರು. ಹಳ್ಳಿಗಳಲ್ಲಿ ನಾಲ್ಕಾರು ಮನೆಗಳವರು ಸೇರಿ ಒಂದು ಹಂದಿ ಕಡಿಸಿ ಪಾಲು ಹಾಕಿಕೊಳ್ಳುತ್ತಿದ್ದರು. ಈಗ ಆ ಕೈಗಳು ಕೊಲ್ಲಿ ರಾಷ್ಟ್ರಗಳಲ್ಲಿ, ಮುಂಬಯಿಯಲ್ಲಿ, ಬೆಂಗಳೂರಿನಲ್ಲಿ, ಕೆನಡಾದಲ್ಲಿ ಚದುರಿವೆ. ಮನೆಯಲ್ಲಿ ಉಳಿದವರು ಇಬ್ಬರು ಅಥವಾ ಮೂವರು. ಗೃಹಿಣಿ ಕಚೇರಿಗೋ ಶಾಲೆಗೋ ಆಸ್ಪತ್ರೆಗೋ ಹೋಗಿ ದುಡಿಯುವವಳು. ಕೈಗಳು ಹತ್ತರಿಂದ ಎರಡಕ್ಕಿಳಿದಿವೆ. ಪದಾರ್ಥಗಳು ಮಾತ್ರ ಐದರಿಂದ ಹತ್ತಕ್ಕೇರಿವೆ. ನಿಟ್ಟುಸಿರಿನ ಲೆಕ್ಕ ಇಷ್ಟೇ.

ನಮ್ಮ ಹಿರಿಯರ ಹಬ್ಬಕ್ಕೆ ಇನ್ನೊಂದು ಹಿನ್ನೆಲೆಯೂ ಇತ್ತು. 1917ರ ಧರ್ಮಸಭಾ ಕಾನೂನಿನಂತೆ ಕ್ರಿಸ್ಮಸ್ಸಿನ ಮುನ್ನಾದಿನ ಉಪವಾಸದ ಹಾಗೂ ಮಾಂಸವರ್ಜನೆಯ ದಿನವಾಗಿತ್ತು. ಪರಮಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ನೀರನ್ನೂ ಮುಟ್ಟಬಾರದೆಂಬ ನಿಯಮ 1953ರ ತನಕ ಜಾರಿಯಲ್ಲಿತ್ತು. 1966ರಲ್ಲಿ ಪೋಪ್ ಆರನೆಯ ಪೌಲರು ಉಪವಾಸದ ನಿಯಮಗಳನ್ನು ಸಡಿಲಿಸಿದರು. ಹಸಿದು ಕಾದವರಿಗೆ ಎರಡು ಸಾನ್ನಾಂ, ಒಂದು ಸೌಟು ಸಾರು ಹಬ್ಬವಾಗಿತ್ತು. ವರ್ಷವಿಡೀ ಮಾಂಸ ತಿನ್ನುವ ನಮಗೆ ಅದೇ ಸಂತೋಷ ಸಿಗಬೇಕಾದರೆ ಪದಾರ್ಥಗಳನ್ನು ಹೆಚ್ಚಿಸುತ್ತಲೇ ಹೋಗಬೇಕೆಂದು ನಾವು ಭಾವಿಸಿಕೊಂಡಿದ್ದೇವೆ. ಹಾಗೆ ಹೆಚ್ಚಿಸಿದರೂ ಆ ಸಂತೋಷ ಮರಳಿ ಬಂದಿಲ್ಲ. ಬಂದಿರುವುದು ಹೆಚ್ಚಿನ ಖರ್ಚು. ಕೆಲವು ಮನೆಗಳಲ್ಲಿ ಜನವರಿ ತಿಂಗಳಲ್ಲಿ ತೀರಿಸಬೇಕಾದ ಸಾಲ.

ಸಂತ ಲೂಕರ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಬರುವ ಮಾರ್ತಾ ಮತ್ತು ಮರಿಯಾ ಎಂಬ ಸೋದರಿಯರ ಪ್ರಸಂಗವನ್ನು ನಾವೆಲ್ಲರೂ ಬಲ್ಲೆವು. ಮರಿಯಾ ಪ್ರಭುವಿನ ಪಾದಗಳ ಬಳಿ ಕುಳಿತು ಕೇಳುತ್ತಿದ್ದಳು. ಮಾರ್ತಾ ಉಪಚಾರದ ಕೆಲಸಗಳಲ್ಲಿ ಮುಳುಗಿ ದೂರಿದಳು. ಈ ಪ್ರಸಂಗವನ್ನು ಮಾರ್ತಾಳ ಮೇಲಿನ ಆಕ್ಷೇಪವೆಂದು ಓದುವುದು ವಾಡಿಕೆ. ಆದರೆ ಪ್ರಭು ಆಕೆಯ ಸೇವೆಯನ್ನು ಹಳಿಯಲಿಲ್ಲ. ಆಕೆಯ ಹಲವು ಚಿಂತೆಗಳನ್ನೂ ತಳಮಳವನ್ನೂ ಎತ್ತಿ ಹೇಳಿದರು. ಅತಿಥಿಗಾಗಿ ಅಡಿಗೆ ಮಾಡಬೇಕು, ನಿಜ. ಆದರೆ ಅತಿಥಿಯ ಮುಖ ನೋಡಲೂ ಬಿಡುವಿಲ್ಲದಷ್ಟು ಮಾಡಬೇಕೆಂದು ಆ ಅತಿಥಿ ಎಂದೂ ಕೇಳಿರಲಿಲ್ಲ. ಮಾರ್ತಾಳನ್ನು ಅಡಿಗೆ ಮನೆಯಿಂದ ಹೊರಗೆ ಕರೆತರುವ ಹೊಣೆ ಉಳಿದವರಿಗೂ ಇದೆ. ಅವಳ ಕೈಯಿಂದ ಎರಡು ಪಾತ್ರೆ ಇಳಿಸದೆ "ಬಾ, ಕುಳಿತುಕೋ" ಎಂದರೆ ಆಕೆ ಬರುವುದಾದರೂ ಹೇಗೆ?

ಗೋದಲಿಯ ಕಥೆಯೂ ಇದೇ ಪಾಠವನ್ನು ಹೇಳುತ್ತದೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಕ್ರಿಸ್ಮಸ್ ರಾತ್ರಿ ಜನರಿಗೆ ಬೆತ್ಲೆಹೇಮನ್ನು ಕಣ್ಣಾರೆ ತೋರಿಸಬೇಕೆಂದು ಬಯಸಿದಾಗ ತರಿಸಿದ್ದು ಒಂದಿಷ್ಟು ಹುಲ್ಲು, ಒಂದು ಮೇವಿನ ತೊಟ್ಟಿ, ಒಂದು ಎತ್ತು, ಒಂದು ಕತ್ತೆ. ಅಷ್ಟರಿಂದಲೇ ನೆರೆದವರ ಮನ ಕರಗಿತು. ಎಂಟು ಶತಮಾನಗಳ ಬಳಿಕವೂ ನಮ್ಮ ಮಕ್ಕಳು ಕಟ್ಟುವುದು ಅದರ ನೆನಪನ್ನೇ. ಬೆತ್ಲೆಹೇಮ್ ಎಂಬ ಹೆಸರಿಗೆ ಹೀಬ್ರೂ ಭಾಷೆಯಲ್ಲಿ ರೊಟ್ಟಿಯ ಮನೆ ಎಂದು ಅರ್ಥ. ಆ ರೊಟ್ಟಿಯ ಮನೆಯಲ್ಲಿ ಪ್ರಭುವನ್ನು ಮಲಗಿಸಿದ್ದು ಮೇವಿನ ತೊಟ್ಟಿಯಲ್ಲಿ. ಜಗಲಿಯಲ್ಲಿ ಇದನ್ನು ಭಕ್ತಿಯಿಂದ ಕಟ್ಟಿ, ಒಳಗೆ ಛತ್ರದ ಊಟಕ್ಕೆ ಪೈಪೋಟಿ ಕೊಡುವ ಊಟ ಹಾಕಲು ಹೆಣಗುವುದು ನಮಗೆ ಹೊಂದುವ ಮಾತಲ್ಲ.

ಆದುದರಿಂದ ಈ ವರ್ಷದ ಹಬ್ಬದ ಊಟಕ್ಕೆ ಒಂದೇ ಒಂದು ಅಳತೆಗೋಲನ್ನು ಓದುಗರ ಮುಂದಿಡಲು ಬಯಸುತ್ತೇವೆ. ಊಟದ ಮುಂಚಿನ ಪ್ರಾರ್ಥನೆಯಿಂದ ಕೊನೆಯ ತುತ್ತಿನ ತನಕ ಅಡಿಗೆ ಮಾಡಿದವರೂ ಮೇಜಿನ ಬಳಿ ಕುಳಿತಿರಬೇಕು. ಅದಕ್ಕೆ ಅಡ್ಡಿಯಾಗುವಷ್ಟು ಜನರನ್ನು ಕರೆಯುವುದು ಬೇಡ. ಅದಕ್ಕೆ ಅಡ್ಡಿಯಾಗುವಷ್ಟು ಪದಾರ್ಥಗಳೂ ಬೇಡ. ಉಳಿದೆಲ್ಲ ತೀರ್ಮಾನಗಳು ಈ ಒಂದು ಮಾತಿನಿಂದಲೇ ಹೊರಡುತ್ತವೆ.

ಮೊದಲನೆಯದಾಗಿ, ಎಷ್ಟು ಮಂದಿ? ಒಂದೇ ಪಂಕ್ತಿಯಲ್ಲಿ ಎಲ್ಲರೂ ಕೂರುವಂತಿರಬೇಕು. ಸಾಮಾನ್ಯ ಮನೆಯ ಮೇಜಿಗೆ ಆರು ಮಂದಿ, ಒತ್ತೊತ್ತಾಗಿ ಕುಳಿತರೆ ಎಂಟು ಮಂದಿ. ಎರಡನೆಯ ಪಂಕ್ತಿ ಎಂದಾದ ಕೂಡಲೇ ಬಡಿಸುವವರು ನಿಂತೇ ಇರಬೇಕಾಗುತ್ತದೆ. ಹಾಗಾದರೆ ಉಳಿದ ಬಂಧುಗಳನ್ನು ಬಿಡುವುದೇ? ಖಂಡಿತ ಬೇಡ. ಧರ್ಮಸಭೆಯ ಪಂಚಾಂಗದಲ್ಲಿ ಕ್ರಿಸ್ಮಸ್ ಒಂದು ದಿನದ ಹಬ್ಬವಲ್ಲವೆಂಬುದನ್ನು ನಾವು ಮರೆತಿದ್ದೇವೆ. ಡಿಸೆಂಬರ್ 25ರಿಂದ ದೇವಮಾತೆಯ ಮಹೋತ್ಸವವಾದ ಜನವರಿ 1ರ ವರೆಗೆ ಎಂಟು ದಿನಗಳ ಆಚರಣೆಯಿದೆ. ಹಬ್ಬದ ಕಾಲ ಪ್ರಭುವಿನ ದೀಕ್ಷಾಸ್ನಾನದ ಹಬ್ಬದ ತನಕ ಮುಂದುವರಿಯುತ್ತದೆ. ಡಿಸೆಂಬರ್ 28 ಮುಗ್ಧ ಶಿಶುಗಳ ಸ್ಮರಣೆಯ ದಿನ. ಅಂದು ಅಣ್ಣತಮ್ಮಂದಿರ ಮಕ್ಕಳನ್ನೆಲ್ಲ ಕರೆದು ಕುಸ್ವಾರ್ ಹಂಚಬಹುದು. ಪವಿತ್ರ ಕುಟುಂಬದ ಹಬ್ಬದಂದು ಅತ್ತೆಮಾವಂದಿರನ್ನು ಕರೆಯಬಹುದು. ಪೂರ್ವದ ಜ್ಞಾನಿಗಳ ಹಬ್ಬದಂದು ಸಹೋದ್ಯೋಗಿಗಳನ್ನು, ಅನ್ಯಧರ್ಮೀಯ ನೆರೆಹೊರೆಯವರನ್ನು ಚಹಾಕ್ಕೆ ಕರೆಯಬಹುದು. ಒಂದೇ ಮಧ್ಯಾಹ್ನದ ತಲೆಯ ಮೇಲೆ ಎಲ್ಲವನ್ನೂ ಹೇರುವ ಅಗತ್ಯ ಎಲ್ಲಿದೆ?

ಎರಡನೆಯದಾಗಿ, ಏನೇನು ಮಾಡಬೇಕು? ನಮ್ಮ ಹಿರಿಯರು ಬಿಟ್ಟುಹೋದ ಅಡಿಗೆಯಲ್ಲಿಯೇ ಇದಕ್ಕೆ ಉತ್ತರವಿದೆ. ಬಫಾತ್ ಪುಡಿಯಲ್ಲಿ ಬೆಂದ ಹಂದಿಮಾಂಸ ಮಾಡಿದ ದಿನಕ್ಕಿಂತ ಮರುದಿನವೇ ಹೆಚ್ಚು ರುಚಿ. ಖಾರ, ಹುಳಿ, ಕೊಬ್ಬು ಒಂದರೊಳಗೊಂದು ಇಳಿಯಲು ಅದಕ್ಕೆ ಸಮಯ ಬೇಕು. ಆದುದರಿಂದ ಅದನ್ನು 24ರ ಬೆಳಿಗ್ಗೆಯೇ ಬೇಯಿಸಿ, ಆರಿದ ಮೇಲೆ ಶೀತಪೆಟ್ಟಿಗೆಯಲ್ಲಿಟ್ಟು, 25ರಂದು ಚೆನ್ನಾಗಿ ಕುದಿಸಿದರೆ ಸಾಕು. ಎಂಟು ಮಂದಿಗೆ ಒಂದೂವರೆ ಕಿಲೋ ಹಂದಿಮಾಂಸ, ಒಂದು ಕಿಲೋ ಕೋಳಿ ಧಾರಾಳ. ಸಾನ್ನಾಂಗೆ ತಲೆಗೆ ನಾಲ್ಕರ ಲೆಕ್ಕ ಹಿಡಿದರೆ ಉಳಿದೀತೇ ಹೊರತು ಕಡಿಮೆಯಾಗದು. ಹಿಟ್ಟು ಹುದುಗಲು ಕಳ್ಳು ಸಿಗದ ಪೇಟೆಯವರು ಯೀಸ್ಟ್ ಹಾಕುವುದು ರೂಢಿಯಾಗಿದೆ. ಅದನ್ನೂ ಮಾಡಲಾರದವರು ಬೇಕರಿಯ ಪಾವ್ ತಂದರೆ ಯಾವ ಪಾಪವೂ ಇಲ್ಲ. ಜತೆಗೆ ಈರುಳ್ಳಿ, ಸೌತೆಕಾಯಿಯ ಒಂದು ಕಚ್ಚಾ ಪಲ್ಯ. ಅನ್ನ ಬೇಕೆನ್ನುವವರಿಗೆ ಒಂದಿಷ್ಟು ಅನ್ನ. ಸಿಹಿಗೆ ಡಬ್ಬಿ ತುಂಬ ಕುಸ್ವಾರ್ ಇರುವಾಗ ಬೇರೆ ಪಾಯಸ, ಪುಡಿಂಗುಗಳ ಹಂಗೇಕೆ? ಊಟಕ್ಕೆ ಅರ್ಧ ಗಂಟೆಯ ಮುಂಚೆ ಒಲೆಯ ಮುಂದೆ ನಿಂತು ಮಾಡಬೇಕಾದ ಪದಾರ್ಥ ಒಂದಕ್ಕಿಂತ ಹೆಚ್ಚಿರಬಾರದು ಎಂಬುದನ್ನು ನಿಯಮವಾಗಿಟ್ಟುಕೊಂಡರೆ ಅರ್ಧ ದಣಿವು ಇಳಿದಂತೆಯೇ.

24ರ ರಾತ್ರಿಯೂ ಔತಣ, 25ರ ಮಧ್ಯಾಹ್ನವೂ ಔತಣ, ಸಂಜೆಯೂ ಔತಣ ಎಂಬ ರೂಢಿಯನ್ನು ಬಿಡೋಣ. ಹಲವು ಧರ್ಮಕೇಂದ್ರಗಳಲ್ಲಿ ಮುನ್ನಾದಿನದ ಬಲಿಪೂಜೆ ಈಗ ಸಂಜೆಯೇ ಆರಂಭವಾಗುತ್ತದೆ. ಮನೆಗೆ ಬಂದು, ಗೋದಲಿಯಲ್ಲಿ ಬಾಲಯೇಸುವನ್ನು ಮಲಗಿಸಿ, ಒಂದು ತುಂಡು ಕೇಕು, ಒಂದು ಲೋಟ ಕಾಫಿ ಸೇವಿಸಿ ಎಲ್ಲರೂ ಮಲಗಲಿ. ಮರುದಿನ ಒಂದೇ ಊಟ ಇರಲಿ, ಅದು ನೆಮ್ಮದಿಯದಾಗಿರಲಿ.

ಮೂರನೆಯದಾಗಿ, ಯಾರು ಮಾಡಬೇಕು? ನಮ್ಮ ಮದುವೆ, ರೋಸ್ ಸಮಾರಂಭಗಳಲ್ಲಿ ದೊಡ್ಡ ಹಂಡೆಯ ಮುಂದೆ ನಿಂತು ಹಂದಿಮಾಂಸ ಬೇಯಿಸುವವರು ಬಹುಪಾಲು ಗಂಡಸರೇ. ನೂರಾರು ಮಂದಿಗೆ ಬೇಯಿಸಬಲ್ಲ ಕೈ ಮನೆಯ ಎಂಟು ಮಂದಿಗೆ ಬೇಯಿಸಲಾರದೇ? ಬೆಳ್ಳುಳ್ಳಿ ಸುಲಿಯುವುದು, ಈರುಳ್ಳಿ ಹೆಚ್ಚುವುದು, ಮೇಜು ಸಿದ್ಧಪಡಿಸುವುದು ಮಕ್ಕಳ ಪಾಲಿಗಿರಲಿ. ಪಾತ್ರೆ ತೊಳೆಯುವ ಕೆಲಸ ಯಾರದೆಂಬುದು ಊಟಕ್ಕೆ ಮುಂಚೆಯೇ ತೀರ್ಮಾನವಾಗಲಿ. ಅಡಿಗೆ ಮಾಡಿದವರದ್ದಂತೂ ಆಗದಿರಲಿ. ಬರುವ ಅತಿಥಿ "ಏನಾದರೂ ತರಲೇ?" ಎಂದು ಕೇಳಿದಾಗ "ಏನೂ ಬೇಡ" ಎಂದು ಔಪಚಾರಿಕವಾಗಿ ಹೇಳುವ ಬದಲು "ಒಂದು ಬಟ್ಟಲು ಕೋಳಿ ಸುಕ್ಕ ತನ್ನಿ" ಎಂದು ಆತ್ಮೀಯವಾಗಿ ಹೇಳೋಣ. ದಿವಂಗತ ಪೋಪ್ ಫ್ರಾನ್ಸಿಸರು 2016ರಲ್ಲಿ ಪ್ರಕಟಿಸಿದ 'ಅಮೋರಿಸ್ ಲೆತೀಸಿಯ' ಪತ್ರದಲ್ಲಿ ಕುಟುಂಬಕ್ಕೆ ಬೇಕಾದ ಮೂರು ಮಾತುಗಳನ್ನು ನೆನಪಿಸಿದ್ದಾರೆ: ದಯವಿಟ್ಟು, ವಂದನೆಗಳು, ಕ್ಷಮಿಸಿ. ವರ್ಷವಿಡೀ ಅನ್ನ ಹಾಕಿದ ಕೈಗೆ ಹಬ್ಬದ ದಿನವಾದರೂ ಎರಡನೆಯ ಮಾತನ್ನು ಎಲ್ಲರ ಎದುರಿನಲ್ಲಿ ಹೇಳಬಾರದೇ?

ನಾಲ್ಕನೆಯ ಮಾತು ಎಲ್ಲಕ್ಕಿಂತ ಮುಖ್ಯವಾದುದು. ಊಟ ಚಿಕ್ಕದಾಗಲಿ ಎಂದು ನಾವು ಹೇಳುವುದು ಬಾಗಿಲು ಮುಚ್ಚಿಕೊಳ್ಳಿರೆಂದಲ್ಲ. ಎಂಟು ಕುರ್ಚಿಗಳಲ್ಲಿ ಒಂದನ್ನು, ಆ ದಿನ ಒಂಟಿಯಾಗಿ ಉಣ್ಣಬೇಕಾಗಿದ್ದವರಿಗೆ ಮೀಸಲಿಡಬೇಕು. ನಮ್ಮ ಪ್ರತಿಯೊಂದು ವಾಳೆಯಲ್ಲಿಯೂ ಅಂಥವರಿದ್ದಾರೆ. ಮಕ್ಕಳೆಲ್ಲ ಪರದೇಶದಲ್ಲಿದ್ದು, ಮೊಬೈಲಿನ ಪರದೆಯಲ್ಲಿ ಮೊಮ್ಮಕ್ಕಳ ಮುಖ ನೋಡಿ, ನಿನ್ನೆಯ ಗಂಜಿ ಉಣ್ಣುವ ವೃದ್ಧ ತಾಯಂದಿರಿದ್ದಾರೆ. ರಜೆ ಸಿಗದೆ ಹಾಸ್ಟೆಲಿನಲ್ಲಿ ಉಳಿದ ದೂರದೂರಿನ ನರ್ಸಿಂಗ್ ವಿದ್ಯಾರ್ಥಿನಿಯರಿದ್ದಾರೆ. ಝಾರ್ಖಂಡ್, ಒಡಿಶಾಗಳಿಂದ ದುಡಿಯಲು ಬಂದು, ಬಲಿಪೂಜೆಯಲ್ಲಿ ಹಿಂದಿನ ಸಾಲಿನಲ್ಲಿ ನಿಂತು, ಮುಗಿದೊಡನೆ ಮೌನವಾಗಿ ಹೊರಟುಹೋಗುವ ನಮ್ಮದೇ ವಿಶ್ವಾಸದ ಯುವಕರಿದ್ದಾರೆ. ಔತಣಕ್ಕೆ ಮರಳಿ ಕರೆಯಬಲ್ಲ ಸಿರಿವಂತರನ್ನು ಕರೆಯುವುದಕ್ಕಿಂತ, ಮರಳಿ ಕೊಡಲಾರದವರನ್ನು ಕರೆಯಬೇಕೆಂದು ಪ್ರಭು ಹೇಳಿದ್ದು ಲೂಕರ ಶುಭಸಂದೇಶದ ಹದಿನಾಲ್ಕನೆಯ ಅಧ್ಯಾಯದಲ್ಲಿದೆ. ಐವತ್ತು ಮಂದಿಯ ಗದ್ದಲದಲ್ಲಿ ಇಂಥವರು ಮೂಲೆಯಲ್ಲಿ ತಟ್ಟೆ ಹಿಡಿದು ನಿಲ್ಲಬೇಕಾಗುತ್ತದೆ. ಎಂಟು ಮಂದಿಯ ಮೇಜಿನಲ್ಲಿ ಅವರ ಹೆಸರು, ಊರು, ತಾಯಿಯ ಕ್ಷೇಮಸಮಾಚಾರ ಕೇಳಲು ಸಮಯವಿರುತ್ತದೆ.

ಕರೆಯುವ ರೀತಿಯಲ್ಲಿಯೂ ಸೌಜನ್ಯವಿರಬೇಕು. ಬಲಿಪೂಜೆ ಮುಗಿದ ಮೇಲೆ ದಾರಿಯಲ್ಲಿ ಸಿಕ್ಕಾಗ "ನೀವೂ ಬನ್ನಿ" ಎಂದರೆ ಅದು ಉಳಿದ ಅನ್ನಕ್ಕೆ ಕರೆದಂತಾದೀತು. ಒಂದು ವಾರ ಮುಂಚೆ ಮನೆಗೇ ಹೋಗಿ ಕರೆಯಬೇಕು. ಬಂದ ಅಜ್ಜಿಗೆ ಊಟದ ಪ್ರಾರ್ಥನೆ ಹೇಳಲು ಬಿನ್ನವಿಸಬೇಕು. ಆಗ ಆಕೆ ದಾನ ಪಡೆದವರಂತಲ್ಲ, ಮನೆಯ ಹಿರಿಯರಂತೆ ಕೂರುತ್ತಾರೆ.

ಈ ವರ್ಷ ಸಾವು ಸಂಭವಿಸಿದ ಮನೆಗಳ ಕುರಿತೂ ಒಂದು ಮಾತು. ಅಂಥ ಮನೆಯಲ್ಲಿ ಆ ವರ್ಷ ಕುಸ್ವಾರ್ ಮಾಡದಿರುವ, ನೆರೆಮನೆಯವರೇ ಕಳುಹಿಸಿಕೊಡುವ ಸಂಪ್ರದಾಯ ನಮ್ಮ ಹಲವು ಊರುಗಳಲ್ಲಿ ಇದೆ. ಕುಸ್ವಾರಿನ ತಟ್ಟೆ ಕಳುಹಿಸಿ ಸುಮ್ಮನಾಗುವುದಕ್ಕಿಂತ, ಸಾಧ್ಯವಾದರೆ ಅವರನ್ನು ಕರೆದು ಜತೆಯಲ್ಲಿ ಕೂರಿಸಿಕೊಳ್ಳೋಣ. ದೊಡ್ಡ ಗದ್ದಲಕ್ಕೆ ಬರಲು ಮನಸ್ಸಾಗದ ದುಃಖಿತರು ಚಿಕ್ಕ ಮೇಜಿಗೆ ಬಂದಾರು. ಅಲ್ಲಿ ಅಗಲಿದವರ ಹೆಸರೆತ್ತಿ ನಾಲ್ಕು ಹನಿ ಕಣ್ಣೀರು ಬಂದರೂ ಹಬ್ಬಕ್ಕೆ ಕುಂದಿಲ್ಲ.

"ಜನ ಏನೆಂದುಕೊಂಡಾರು?" ಎಂಬ ಪ್ರಶ್ನೆ ಈಗ ಏಳುತ್ತದೆ. ಕಳೆದ ವರ್ಷ ಮೂವತ್ತು ಮಂದಿಯನ್ನು ಕರೆದವರು ಈ ವರ್ಷ ಎಂಟು ಮಂದಿಯನ್ನು ಕರೆದರೆ ಕೈ ಬಿಗಿಯಾಗಿದೆಯೆಂದು ಆಡಿಕೊಳ್ಳುವವರು ಇದ್ದೇ ಇರುತ್ತಾರೆ. ನಮ್ಮ ಅನುಭವದಲ್ಲಿ ಇಂಥ ಮಾತು ಒಂದು ವಾರ ಬಾಳುತ್ತದೆ. ಸಾಲ ಒಂದು ವರ್ಷ ಬಾಳುತ್ತದೆ. ಅಲ್ಲದೆ, ಆಡಿಕೊಳ್ಳುವವರಲ್ಲಿ ಅರ್ಧದಷ್ಟು ಜನ, ಯಾರಾದರೊಬ್ಬರು ಮೊದಲು ಆರಂಭಿಸಲಿ ಎಂದು ಒಳಗೊಳಗೇ ಕಾಯುತ್ತಿರುವವರೇ ಆಗಿರುತ್ತಾರೆ. ಮನೆ ತುಂಬ ಕೈಗಳಿದ್ದು, ದೊಡ್ಡ ಊಟವನ್ನು ನಗುನಗುತ್ತ ಮಾಡಬಲ್ಲ ಕುಟುಂಬಗಳಿಗೆ ನಮ್ಮ ಆಕ್ಷೇಪವೇನೂ ಇಲ್ಲ; ಅಂಥ ಮನೆಗಳು ಬಾಳಲಿ. ಕೈಗಳಿಲ್ಲದೆಯೂ ಹೆಸರಿಗಾಗಿ ಹೆಣಗುವ ಮನೆಗಳಿಗೆ ಮಾತ್ರ ನಮ್ಮ ಈ ಬಿನ್ನಹ.

ಎಮ್ಮಾವು ಎಂಬ ಹಳ್ಳಿಯಲ್ಲಿ ಒಂದು ಸಂಜೆ ಮೂವರೇ ಊಟಕ್ಕೆ ಕುಳಿತಿದ್ದರು: ದಾರಿ ನಡೆದು ದಣಿದ ಇಬ್ಬರು ಶಿಷ್ಯರು ಮತ್ತು ಅವರು ಒತ್ತಾಯಿಸಿ ಒಳಗೆ ಕರೆದ ಒಬ್ಬ ಅಪರಿಚಿತ. ರೊಟ್ಟಿ ಮುರಿದಾಗ ಅವರ ಕಣ್ಣು ತೆರೆಯಿತು. ಪ್ರಭುವನ್ನು ಗುರುತಿಸಲು ಮೂವರ ಆ ಊಟ ಸಾಕಾಯಿತೆಂಬುದನ್ನು ನಾವು ನೆನಪಿಡೋಣ.

ಈ ಕ್ರಿಸ್ಮಸ್ ದಿನ ಮಧ್ಯಾಹ್ನ ಪ್ರಾರ್ಥನೆಗೆ ಕೈಮುಗಿಯುವ ಮುನ್ನ ಮನೆಯ ಯಜಮಾನರು ಒಮ್ಮೆ ಮೇಜಿನ ಸುತ್ತ ಕಣ್ಣಾಡಿಸಲಿ. ಅಡಿಗೆ ಮನೆಯಲ್ಲಿ ಯಾರಾದರೂ ಉಳಿದಿದ್ದಾರೆಯೇ? ಉಳಿದಿದ್ದರೆ ಅವರು ಬಂದು ಕೂರುವ ತನಕ ಪ್ರಾರ್ಥನೆ ಕಾಯಲಿ, ಸಾನ್ನಾಂ ತುಸು ಆರಿದರೂ ಚಿಂತೆಯಿಲ್ಲ. ನಮ್ಮ ಸಮಸ್ತ ಓದುಗ ಬಂಧುಗಳಿಗೂ ಅವರ ಕುಟುಂಬಗಳಿಗೂ ಕ್ರಿಸ್ತ ಜಯಂತಿಯ ಹಾರ್ದಿಕ ಶುಭಾಶಯಗಳು.